ಕಟ್ಟಿಗೆ ಪುಡಿ ಪ್ಲಾಸ್ಟಿಕ್ಕಿಗೆ ಹಿಡಿದರೆ ಮಾತ್ರ ಹಲಗೆಗೆ ಬಲ

ಬಳ್ಳಾರಿ ಜಾಲಿಯ ಪುಡಿಯನ್ನು ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್ ಜೊತೆ ಸುಮ್ಮನೆ ಕಲಸಿ ಹಲಗೆ ತೆಗೆದರೂ ಅದು ಕೈಗೆ ಗಡುಸಾಗಿಯೇ ಸಿಗುತ್ತದೆ, ಸುಲಭಕ್ಕೆ ಬಾಗುವುದಿಲ್ಲ. ಅದನ್ನು ನೋಡಿ ಮಾಲು ಪಾಸು ಮಾಡಬೇಡಿ. ಪುಡಿ ಪ್ಲಾಸ್ಟಿಕ್ಕಿಗೆ ಅಂಟದಿದ್ದರೂ ಗಡಸುತನ ಏರುತ್ತದೆ, ಇಳಿಯುವುದು ಎಳೆತ ತಡೆಯುವ ಬಲ. ಅಮೆರಿಕದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿಯ ಅಂಕಿಗಳಲ್ಲೂ ಇದೇ ಕಾಣುತ್ತದೆ: ಬರೀ ಪಿಪಿಯ ಎಳೆತದ ಬಲ ಸುಮಾರು 28 ಮೆಗಾಪಾಸ್ಕಲ್, 40% ಕಟ್ಟಿಗೆ ಪುಡಿ ಸೇರಿಸಿದರೆ 25, ಅದಕ್ಕೇ 3% ಕಪ್ಲಿಂಗ್ ಏಜೆಂಟ್ (ಕಟ್ಟಿಗೆ, ಪ್ಲಾಸ್ಟಿಕ್ ಎರಡನ್ನೂ ಬೆಸೆಯುವ ವಸ್ತು) ಹಾಕಿದರೆ 32. ಗಡಸುತನ ಮಾತ್ರ ಏಜೆಂಟ್ ಇರಲಿ ಬಿಡಲಿ ಸುಮಾರು ಎರಡೂವರೆ ಪಟ್ಟು ಆಗುತ್ತದೆ.

ಕಟ್ಟಿಗೆಯ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು, ಅದು ನೀರನ್ನು ಎಳೆದುಕೊಳ್ಳುತ್ತದೆ. ಪಿಪಿ ನೀರನ್ನು ಹತ್ತಿರ ಸೇರಿಸುವುದಿಲ್ಲ. ಇವೆರಡನ್ನೂ ಹಿಡಿದು ನಿಲ್ಲಿಸುವ ಕಪ್ಲಿಂಗ್ ಏಜೆಂಟ್ ಎಂದರೆ ಮಾಲೆಯಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಿಪಿ, ಅಂದರೆ ಎಂಎಪಿಪಿ. ಅದರ ಅನ್‌ಹೈಡ್ರೈಡ್ ತುದಿ ಕಟ್ಟಿಗೆಯೊಂದಿಗೆ ಎಸ್ಟರ್ ಬಂಧ ಕಟ್ಟುತ್ತದೆ, ಉದ್ದನೆಯ ಸರಪಳಿ ಸುತ್ತಲಿನ ಪಿಪಿಯಲ್ಲಿ ಹೆಣೆದುಕೊಳ್ಳುತ್ತದೆ. ಎಚ್‌ಡಿಪಿಇ (ಗಟ್ಟಿ ಪಾಲಿಎಥಿಲೀನ್) ಬಳಸುವವರು ಇದನ್ನೇ ಹಾಕಬಾರದು, ಅದಕ್ಕೆ ಪಾಲಿಎಥಿಲೀನ್ ಆಧಾರದ ಎಂಎಪಿಇ ಬೇಕು.

ಹತ್ತು ಕಿಲೋಗೆ ನನ್ನ ಅಳತೆ: ಪಿಪಿ 5.6 ಕಿಲೋ, 40ರಿಂದ 80 ಮೆಶ್ (ಜರಡಿ ಕಣ್ಣಿನ ಅಳತೆ) ಕಟ್ಟಿಗೆ ಪುಡಿ 4 ಕಿಲೋ, ಎಂಎಪಿಪಿ 300 ಗ್ರಾಂ, ಮಾಲು ಜಾರಿ ಹರಿಯಲು ಲೂಬ್ರಿಕೆಂಟ್ 80 ಗ್ರಾಂ, ಬಿಸಿಗೆ ಪ್ಲಾಸ್ಟಿಕ್ ಕೆಡದಂತೆ ಆಂಟಿಆಕ್ಸಿಡೆಂಟ್ 20 ಗ್ರಾಂ.

ಒಣಗಿಸುವ ಕೆಲಸದಲ್ಲೇ ಹೆಚ್ಚು ಮಾಲು ಕೆಡುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಹರಡಿದ ಪುಡಿಯಲ್ಲೂ ಮೂರು-ನಾಲ್ಕು ಶೇಕಡ ತೇವ ಉಳಿದಿರುತ್ತದೆ, ಅದು 1%ಕ್ಕಿಂತ ಕೆಳಗೆ ಬರಬೇಕು. 105 ಡಿಗ್ರಿಯ ಓವನ್‌ನಲ್ಲಿ ತೆಳುವಾಗಿ ಹರಡಿ ಆರರಿಂದ ಎಂಟು ಗಂಟೆ ಬಿಡುತ್ತೇನೆ. ಗಡಿಯಾರಕ್ಕಿಂತ ತಕ್ಕಡಿ ಮುಖ್ಯ: ಒಂದು ಗಂಟೆ ಅಂತರದ ಎರಡು ತೂಕ ಒಂದೇ ಬಂದರೆ ಒಣಗಿದೆ ಎಂದರ್ಥ. ಓವನ್‌ನಿಂದ ತೆಗೆದು ಬಾಯಿ ತೆರೆದಿಟ್ಟರೆ ಪುಡಿ ಮತ್ತೆ ತೇವ ಹೀರುತ್ತದೆ, ಆದ್ದರಿಂದ ನೇರ ಯಂತ್ರದ ಹಾಪರ್‌ಗೇ ಹಾಕಿ. ಉಳಿದ ನೀರು ಬ್ಯಾರೆಲ್‌ನಲ್ಲಿ ಹಬೆಯಾಗಿ ಹಲಗೆಯೊಳಗೆ ಗುಳ್ಳೆ ಮಾಡುತ್ತದೆ. ಸಾಲದ್ದಕ್ಕೆ ಅನ್‌ಹೈಡ್ರೈಡಿನ ಉಂಗುರ ಬಿಡಿಸಿ ಆಮ್ಲವಾಗಿಸುತ್ತದೆ, ಆಮೇಲೆ ಅದು ಕಟ್ಟಿಗೆಯನ್ನು ಮೊದಲಿನಷ್ಟು ಗಟ್ಟಿಯಾಗಿ ಹಿಡಿಯದು.

ಮಾಲನ್ನು ಕರಗಿಸಿ ಬೆರೆಸಿ ತಳ್ಳುವ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ನ ವಲಯಗಳು 165ರಿಂದ 185 ಡಿಗ್ರಿ, ಹಬೆ ಹೊರಹೋಗುವ ವೆಂಟ್ ತೆರೆದಿರಬೇಕು. ಕರಗಿದ ಮಾಲು 200 ದಾಟಿದರೆ ಬಣ್ಣ ಕಂದಾಗಿ ವಿನೆಗರ್‌ನಂಥ ಹುಳಿ ವಾಸನೆ ಬರುತ್ತದೆ. ಕಟ್ಟಿಗೆ ಸುಡಲು ಶುರುವಾಗಿದೆ ಎಂದು ತಿಳಿದು ಕೂಡಲೇ ವೇಗ ಇಳಿಸಬೇಕು.

ಲೂಬ್ರಿಕೆಂಟ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಜಿಂಕ್ ಅಥವಾ ಕ್ಯಾಲ್ಸಿಯಂ ಸ್ಟಿಯರೇಟ್ ಸುಲಭಕ್ಕೆ ಸಿಗುತ್ತದೆ ಎಂದು ಹಾಕಿದರೆ ಅದು ಎಂಎಪಿಪಿಯೊಡನೆ ತಾನೇ ವರ್ತಿಸಿ ಕೊಟ್ಟ ದುಡ್ಡೆಲ್ಲ ನೀರಿಗೆ ಹೋಗುತ್ತದೆ. ಇಬಿಎಸ್ ವ್ಯಾಕ್ಸ್‌ನಂತಹ ಲೋಹವಿಲ್ಲದ್ದನ್ನೇ ತೆಗೆದುಕೊಳ್ಳಿ.

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳ ಭತ್ತದ ಹೊಟ್ಟು ಅಗ್ಗ, ಸದಾ ಸಿಗುತ್ತದೆ. ಆದರೆ ಅದರ ಹೊರಮೈಯಲ್ಲಿ ಸಿಲಿಕಾ ಮತ್ತು ಮೇಣವಿರುವುದರಿಂದ ಏಜೆಂಟ್‌ಗೆ ಹಿಡಿತ ಸಿಗುವುದಿಲ್ಲ, ಸ್ಕ್ರೂ ಕೂಡ ಬೇಗ ಸವೆಯುತ್ತದೆ. ಹೊಟ್ಟನ್ನು ಬೀಸಿ, 2% ಕಾಸ್ಟಿಕ್ ಸೋಡಾ ನೀರಲ್ಲಿ ಒಂದು ಗಂಟೆ ನೆನೆಸಿ (ಕೈಗವಸು, ಕನ್ನಡಕ ಬೇಕೇ ಬೇಕು), ಲಿಟ್ಮಸ್ ತಟಸ್ಥ ತೋರುವವರೆಗೆ ತೊಳೆಯಬೇಕು. ಕ್ಷಾರ ಉಳಿದರೆ ಅದೂ ಅನ್‌ಹೈಡ್ರೈಡನ್ನು ತಿನ್ನುತ್ತದೆ.

ಬೆಸೆದಿದೆಯೋ ಇಲ್ಲವೋ ನೋಡಲು ತುಂಡು ಮುರಿದು, ಮುರಿದ ಮುಖವನ್ನು ಹತ್ತು ಪಟ್ಟು ತೋರಿಸುವ ಲೆನ್ಸಿನಲ್ಲಿ ನೋಡುತ್ತೇನೆ. ನುಣುಪಾದ ಗುಳಿಗಳೂ ಬೋಳು ಕಟ್ಟಿಗೆ ಕಣಗಳೂ ಕಂಡರೆ ಹಿಡಿತವಿಲ್ಲ. ಕಣವೇ ಹರಿದು ಅದಕ್ಕೆ ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೆ ಸರಿಯಾಗಿದೆ. ಇನ್ನೊಂದು ತುಂಡನ್ನು 24 ಗಂಟೆ ನೀರಲ್ಲಿಟ್ಟು ತೂಗುತ್ತೇನೆ, ಬಿಟ್ಟ ಸಂದುಗಳು ನೀರು ಎಳೆದು ಗುಟ್ಟು ಹೇಳುತ್ತವೆ. ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನಂಥ ಕಡೆ ಪರೀಕ್ಷೆಗೆ ಕೊಡುವಾಗ ಇಂಪ್ಯಾಕ್ಟ್ (ಪೆಟ್ಟು ತಡೆಯುವ ಶಕ್ತಿ) ಅನ್ನು ನಾಚ್ (ಮೊದಲೇ ಕೊರೆದ ಕಚ್ಚು) ಇರುವ, ನಾಚ್ ಇಲ್ಲದ ಎರಡೂ ಮಾದರಿಗಳಲ್ಲಿ ಕೇಳಿ. ಹಿಡಿತ ಬಿಗಿಯಾದಾಗ ನಾಚ್ ಇಲ್ಲದ್ದು ಏರುತ್ತದೆ. ನಾಚ್ ಇರುವುದು ಏರದೆಯೂ ಇರಬಹುದು, ಏಕೆಂದರೆ ಕಣ ಜಾರಿ ಹೊರಬರುವಾಗ ಖರ್ಚಾಗುತ್ತಿದ್ದ ಶಕ್ತಿ ಈಗ ಇರುವುದಿಲ್ಲ. ಎಂಎಪಿಪಿಯನ್ನು 1, 3, 5 ಶೇಕಡ ಮೂರರಲ್ಲೂ ಅಚ್ಚು ತೆಗೆಸಿ, ಎಳೆತದ ಬಲ ಏರುವುದು ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ಪ್ರಮಾಣ ಗೊತ್ತುಮಾಡಿ.