ಮಿಂಟ್ ಹಾಕಿದೆ, ನೆಟ್ ಹೋಯ್ತು, 13 ದಿನಕ್ಕೆ ಬಂತು

ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ಓಎಸ್) ಹಾಕಿದಾಗ ಹೋಗಿದ್ದ ವೈಫೈ ನಮ್ಮ ಮನೆ ಲ್ಯಾಪ್‌ಟಾಪಿಗೆ ಈಗ ಬರುತ್ತಿದೆ. ಇದನ್ನು ಬರೆಯುತ್ತಿರುವುದೂ ಅದರಲ್ಲೇ. "ಅದನ್ನ ಗುಜರಿಗೆ ಹಾಕು ಮಾರಾಯ" ಅಂದ ಮೂರು ಜನ ಇದನ್ನು ಓದುತ್ತಾರೆ ಅಂತ ಗೊತ್ತು. ಓದಲಿ ಅಂತಲೇ ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ 2015ರ ಸುಮಾರಿನದು. ಯಾವುದೋ ಆಫೀಸಿನಲ್ಲಿ ದುಡಿದು ಸುಸ್ತಾಗಿ ಬಂದದ್ದು. ಒಂಬತ್ತು ಸಾವಿರವೋ ಒಂಬತ್ತೂವರೆಯೋ ಕೊಟ್ಟು ತಗೊಂಡ ನೆನಪು. ನಾವಿರುವುದು ತೀರ್ಥಹಳ್ಳಿಯಿಂದ ಕೋಣಂದೂರು ಕಡೆಗೆ, ಡಾಂಬರು ರಸ್ತೆ ಬಿಟ್ಟು ಒಳಗೆ. ತೋಟದ ಕೆಲಸದ ನಡುವೆ ಸುತ್ತಮುತ್ತಲಿನವರ ಕಂಪ್ಯೂಟರನ್ನೂ ನೋಡಿಕೊಡುತ್ತೇನೆ. ಅಡಿಕೆ ಸುಲಿತದ ಲೆಕ್ಕ, ಪಹಣಿ ಪ್ರಿಂಟು, ಮಕ್ಕಳ ಅರ್ಜಿ, ಎಲ್ಲಕ್ಕೂ ಇದೊಂದೇ ಲ್ಯಾಪ್‌ಟಾಪ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ಪ್ರೊಸೆಸರೂ ಐದನೇ ತಲೆಮಾರಿನದು, ಅದಕ್ಕೆ ಹಳತಾಯಿತು. ಸರಿ, ದೀಪಾವಳಿ ಮುಗಿಸಿ ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದ ಲಿನಕ್ಸ್ ಮಿಂಟ್ 22 ಹಾಕಿದೆ. ವಿಂಡೋಸ್ ಪೂರ್ತಿ ಅಳಿಸಿ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಸ್ಕ್ರೀನು, ಸೌಂಡು, ಟಚ್‌ಪ್ಯಾಡು ಎಲ್ಲ ಸರಿ. ವೈಫೈ ಚಿಹ್ನೆ ಮಾತ್ರ ನಾಪತ್ತೆ. ನೆಟ್‌ವರ್ಕ್ ಸಿಗಲಿಲ್ಲ ಅಂತಲ್ಲ, ವೈಫೈ ಅನ್ನುವ ಸಾಲೇ ಸೆಟ್ಟಿಂಗ್ಸಿನಲ್ಲಿ ಇಲ್ಲ. ಪೆನ್‌ಡ್ರೈವಿನಿಂದ ಲೈವ್ ಬೂಟ್ ಮಾಡಿದಾಗಲೇ (ಅಂದರೆ ಲ್ಯಾಪ್‌ಟಾಪಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡಿಸಿದಾಗಲೇ) ಇದನ್ನು ನೋಡಿಕೊಳ್ಳಬೇಕಿತ್ತು. ನೋಡಲಿಲ್ಲ. ಬೇರೆಯವರಿಗೆ ನಾನು ಹೇಳುವ ಬುದ್ಧಿ ನನಗೇ ಇರಲಿಲ್ಲ.

ಕೇಬಲ್ ಹಾಕಿದರೆ ಮುಗೀತಲ್ಲ ಅನ್ನುತ್ತೀರಿ. ಚಿತ್ತಾ ಮಳೆಯಲ್ಲಿ ಒಂದು ಮಧ್ಯಾಹ್ನ ಗುಡುಗು ಶುರುವಾಯಿತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿತ್ತು. ಮಲೆನಾಡಿನಲ್ಲಿ ಗುಡುಗಿದರೆ ಮೊದಲು ಲ್ಯಾನ್ ಕೇಬಲ್ ಕೀಳಬೇಕು, ಆಮೇಲೆ ಅಡಿಕೆ ಎತ್ತಬೇಕು. ನಾನು ಅಡಿಕೆ ಎತ್ತಲು ಓಡಿದೆ. ಅಡಿಕೆ ಉಳಿಯಿತು, ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟ್ ಸತ್ತಿತು. ಹಾಗಾಗಿ ಕೇಬಲ್ ದಾರಿ ಬಂದ್.

ಒಳಗಿನ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟು ನೋಡಿದರೆ ವೈಫೈ ಚಿಪ್ ಕಾಣುತ್ತಿತ್ತು: ಬ್ರಾಡ್‌ಕಾಮ್ ಬಿಸಿಎಂ 43142, ಐಡಿ 14ಇ4:4365. ಅಂದರೆ ಕಾರ್ಡು ಸತ್ತಿಲ್ಲ. ಅದರ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಮು) ಕರ್ನಲ್ ಅಂದರೆ ಲಿನಕ್ಸಿನ ತಿರುಳಿನ ಜೊತೆ ಬರುವುದಿಲ್ಲ, ಬೇರೆ ಹಾಕಬೇಕು. ಹಾಕಲು ನೆಟ್ ಬೇಕು. ನೆಟ್ ಬರಲು ಡ್ರೈವರ್ ಬೇಕು. ಬೀಗದ ಕೈ ಪೆಟ್ಟಿಗೆ ಒಳಗೇ ಇಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಆ ಚಿಪ್ ಲಿನಕ್ಸಿಗೆ ಆಗಲ್ಲ, ಹೊಸದು ತಗೋ." ಪಕ್ಕದ ಮನೆಯವರು ಇನ್ನೂ ಚೆನ್ನಾಗಿ ಹೇಳಿದರು: "ಗೊರಬಲು ತಗೊಂಡು ಹೋಗಿ ಸರಕಿನ ರೇಟು ಕೇಳಿದ ಹಾಗಾಯ್ತು ನಿಂದು." ಅಡಿಕೆಯಲ್ಲಿ ಗೊರಬಲು ಕಡಿಮೆ ದರ್ಜೆಯದು, ಸರಕು ಮೇಲಿನದು.

ಈಗ ದುಡ್ಡು ಹೋದ ಕಥೆ. ಮೊದಲು ಯುಎಸ್‌ಬಿ ವೈಫೈ ಡಾಂಗಲ್, ಮುನ್ನೂರೈವತ್ತು ಚಿಲ್ಲರೆ. ಡಬ್ಬದ ಮೇಲೆ ಪೆಂಗ್ವಿನ್ ಚಿತ್ರ ನೋಡಿ ನಂಬಿದೆ. ಚುಚ್ಚಿದರೆ ದೀಪ ಉರಿಯಿತು, ಅಷ್ಟೆ. ಅದಕ್ಕೂ ಡ್ರೈವರ್ ಬೇಕಂತೆ. ಡಬ್ಬದಲ್ಲಿ ಒಂದು ಚಿಕ್ಕ ಸಿಡಿ ಇತ್ತು. ಲ್ಯಾಪ್‌ಟಾಪಿನ ಸಿಡಿ ಡ್ರೈವ್ ಕೆಟ್ಟು ಯಾವ ಕಾಲವಾಯಿತೋ.

ಐದನೇ ದಿನ ಶಿವಮೊಗ್ಗಕ್ಕೆ ಹೋದೆ. ಹೋಗಿ ಬರುವ ಬಸ್ಸು, ಊಟ, ಕಾಫಿ ಸೇರಿ ಮುನ್ನೂರೈವತ್ತು ಆಗಿರಬೇಕು. ಒಂದು ಅಂಗಡಿಯಲ್ಲಿ ನೋಡಿದ್ದಕ್ಕೇ ಮುನ್ನೂರು ತಗೊಂಡು "ವಿಂಡೋಸ್ ವಾಪಸ್ ಹಾಕ್ಲಾ?" ಅಂದರು. ಬೇಡ ಅಂದೆ. ಇನ್ನೊಂದು ಅಂಗಡಿಯಲ್ಲಿ ಹಳೇ ಇಂಟೆಲ್ ಕಾರ್ಡು ಆರುನೂರಕ್ಕೆ ಸಿಕ್ಕಿತು. ಇಂಟೆಲ್ ಕಾರ್ಡಿಗೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ, ಹಾಗಾಗಿ ಖುಷಿಯಲ್ಲಿ ಬಸ್ ಹತ್ತಿದೆ. ಮಂಡಗದ್ದೆ ದಾಟುವ ಹೊತ್ತಿಗೆ ಒಂದು ಅನುಮಾನ ಬಂತು. ಮನೆಗೆ ಬಂದು ಹಿಂದಿನ ಮುಚ್ಚಳ ಬಿಚ್ಚಿದೆ. ನನ್ನದು ಉದ್ದ ಹಲ್ಲಿನ ಹಳೇ ಹಾಫ್ ಮಿನಿ ಪಿಸಿಐಇ ಸ್ಲಾಟು, ತಂದದ್ದು ಎಂ.2 ಕಾರ್ಡು. ಕೂರುವುದೇ ಇಲ್ಲ. ಸ್ಕ್ರೂ ಬಿಚ್ಚಿ ನೋಡದೆ ಕಾರ್ಡು ತರಬಾರದು ಅಂತ ಹತ್ತು ಜನಕ್ಕೆ ಹೇಳಿದವನು ನಾನೇ. ಆ ಕಾರ್ಡು ದಂಡವಾಗಲಿಲ್ಲ ಅನ್ನಿ. ಆಮೇಲೆ ಒಬ್ಬ ಮೇಷ್ಟ್ರ ಲ್ಯಾಪ್‌ಟಾಪಿಗೆ ಹಾಕಿ ಎಂಟುನೂರು ತಗೊಂಡೆ.

ಮುಂದಿನದು ಪೆನ್‌ಡ್ರೈವ್ ಸಾಹಸ. ಡ್ರೈವರಿನ ಹೆಸರು ಬಿಸಿಎಂಡಬ್ಲ್ಯುಎಲ್ ಕರ್ನಲ್ ಸೋರ್ಸ್. ಫೋನಿನಲ್ಲಿ ಇಳಿಸಿ, ಫೋನಿಗೆ ಪೆನ್‌ಡ್ರೈವ್ ಜೋಡಿಸುವ ಓಟಿಜಿ ಹಾಕಿ ಪೆನ್‌ಡ್ರೈವಿಗೆ ತುಂಬಿದೆ. ಹಾಕಲು ಹೋದರೆ ಡಿಕೆಎಂಎಸ್ (ಕರ್ನಲಿಗೆ ತಕ್ಕಂತೆ ಡ್ರೈವರ್ ಕಟ್ಟುವ ಸಾಧನ) ಎಲ್ಲಿ ಅಂತ ಕೇಳಿತು. ಅದನ್ನು ತಂದರೆ ಇನ್ನೊಂದು ಕೇಳಿತು. ಅದನ್ನೂ ತಂದೆ. ಕಟ್ಟಲು ಬೇಕಾದ ಕರ್ನಲ್ ಹೆಡರ್ಸ್ ಫೈಲು ತಂದರೆ ನನ್ನ ಕರ್ನಲಿನ ವರ್ಷನ್ ಬೇರೆ, ಅದರ ವರ್ಷನ್ ಬೇರೆ. ಮದುವೆಗೆ ಒಬ್ಬರನ್ನು ಕರೆದರೆ ಅವರ ಭಾವನ ಮನೆಯವರನ್ನೂ ಕರೆಯಬೇಕಲ್ಲ, ಹಾಗೆ. ಏಳನೇ ಫೈಲಿಗೆ ಕೈಮುಗಿದೆ.

ಹತ್ತನೇ ದಿನ ದಾರಿ ಸಿಕ್ಕಿತು. ಯುಎಸ್‌ಬಿ ಟೆದರಿಂಗ್, ಅಂದರೆ ಫೋನಿನ ನೆಟ್ಟನ್ನು ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಕೊಡುವುದು, ನಿಮಗೆಲ್ಲ ಗೊತ್ತಿರುವುದೇ. ನನಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋದರೆ ಎರಡು ಕಡ್ಡಿ ಬರುತ್ತದೆ. ಸಿಗ್ನಲ್ಲೇ ಇಲ್ಲದ ಮೇಲೆ ಟೆದರಿಂಗ್ ಎಂತದ್ದು ಅಂತ ಆ ಕಡೆ ಯೋಚನೆಯೇ ಮಾಡಿರಲಿಲ್ಲ. ಮನೆಯಲ್ಲಿ ಫೈಬರ್ ಇದೆ, ಫೋನಿಗೆ ವೈಫೈ ಬರುತ್ತದೆ. ಫೋನು ತಾನು ವೈಫೈನಲ್ಲಿದ್ದರೂ ಅದೇ ನೆಟ್ಟನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಹಾಗೇ. ಮೊಬೈಲ್ ಡೇಟಾ ಆಫ್ ಇದ್ದರೂ ನಡೆಯುತ್ತದೆ, ಸಿಮ್ ಇಲ್ಲದಿದ್ದರೂ ನಡೆಯುತ್ತದೆ. ಹಳೇ ಫೋನೇ ಒಂದು ವೈಫೈ ಕಾರ್ಡು ಅನ್ನಿ. ಲಿನಕ್ಸಿಗೆ ಇದಕ್ಕೆ ಬೇರೆ ಡ್ರೈವರ್ ಬೇಡ.

ಅಲ್ಲೂ ಅರ್ಧ ದಿನ ಹೋಯಿತು. ಟೆದರಿಂಗ್ ಬಟನ್ ಮಸುಕಾಗಿಯೇ ಇತ್ತು, ಒತ್ತಲು ಬರಲಿಲ್ಲ. ಫೋನು ಚಾರ್ಜ್ ಮಾತ್ರ ಆಗುತ್ತಿತ್ತು. ಕೊನೆಗೆ ತಿಳಿಯಿತು, ಕೇಬಲ್ಲೇ ಬರೀ ಚಾರ್ಜಿಂಗಿನದು. ಒಳಗೆ ಡೇಟಾ ತಂತಿಯೇ ಇಲ್ಲ. ಬ್ಲೂಟೂತ್ ಸ್ಪೀಕರ್ ಜೊತೆ ಬಂದಿದ್ದ ಸಣಕಲು ಕೇಬಲ್ ಅದು. ನೂರೈವತ್ತಕ್ಕೆ ಒಳ್ಳೆ ಕೇಬಲ್ ತಂದು ಚುಚ್ಚಿದೆ. ಬಲಗಡೆ ಮೂಲೆಯಲ್ಲಿ ವೈರ್ಡ್ ಕನೆಕ್ಷನ್ ಅಂತ ಬಂತು. ಅಷ್ಟು ಹೊತ್ತಿಗೆ ಕರೆಂಟ್ ಹೋಯಿತು, ರೂಟರ್ ಆಫ್. ಅದು ಇಲ್ಲಿ ಮಾಮೂಲು.

ಕರೆಂಟ್ ಬಂದ ಮೇಲೆ ಡ್ರೈವರ್ ಹಾಕಿದೆ. ಫೈಲುಗಳೆಲ್ಲ ತಾವಾಗೇ ಬಂದು ಕೂತವು. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಏನೋ ಒಂದು ಕೊಟ್ಟೆ. ರೀಸ್ಟಾರ್ಟ್ ಮಾಡಿ ಅಡಿಕೆ ಬೇಯಿಸುವ ಒಲೆಗೆ ಸೌದೆ ಹಾಕಲು ಹೋದೆ. ವಾಪಸ್ ಬಂದಾಗ ಮಿಂಟ್ ತೆರೆದಿತ್ತು. ವೈಫೈ? ಇಲ್ಲ.

ಆವತ್ತು ನಿಜವಾಗಿಯೂ ಗುಜರಿಗೆ ಹಾಕೋಣ ಅನಿಸಿತು.

ಮಾರನೇ ದಿನ ಟರ್ಮಿನಲ್ಲಿನಲ್ಲಿ (ಕಮಾಂಡ್ ಹೊಡೆಯುವ ಕಿಟಕಿಯಲ್ಲಿ) ಡಬ್ಲ್ಯುಎಲ್ ಮಾಡ್ಯೂಲನ್ನು, ಅಂದರೆ ಅದೇ ಡ್ರೈವರನ್ನು, ಕೈಯಾರೆ ಏರಿಸಲು ನೋಡಿದೆ. ಒಂದು ಸಾಲು ಬಂತು: ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್. ಈ ಸಾಲನ್ನು ನೆನಪಿಟ್ಟುಕೊಳ್ಳಿ. ಡ್ರೈವರ್ ಬಂದಿದೆ, ಕಟ್ಟಿಕೊಂಡಿದೆ, ಆದರೆ ನಂಬದ ಸಹಿಯನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಬಾಗಿಲಲ್ಲೇ ತಡೆಯುತ್ತಿದೆ. ಮನೆಯಲ್ಲೇ ಕಟ್ಟಿದ ಡ್ರೈವರಿಗೆ ಮನೆಯದೇ ಸಹಿ ಇರುತ್ತದೆ. ಆ ಸಹಿಯನ್ನು ನಂಬು ಅಂತ ಲ್ಯಾಪ್‌ಟಾಪಿಗೆ ಒಮ್ಮೆ ನಾವೇ ಹೇಳಬೇಕು.

ಸುಲಭದ ದಾರಿ ಬಯಾಸಿಗೆ (ಲ್ಯಾಪ್‌ಟಾಪ್ ಏಳುವಾಗಿನ ಸೆಟ್ಟಿಂಗ್ಸಿಗೆ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವುದು. ನನ್ನದು ಆಫೀಸಿನ ಮಾಲು, ಬಯಾಸಿಗೆ ಯಾರೋ ಪಾಸ್‌ವರ್ಡ್ ಹಾಕಿ ಹೋಗಿದ್ದಾರೆ. ಅದಕ್ಕೂ ಒಂದು ದಾರಿ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಹಾಗಾಗಿ ಉಳಿದದ್ದು ಮೋಕ್ ಒಂದೇ, ಅಂದರೆ ನಮ್ಮ ಸಹಿಯ ಕೀಲಿಯನ್ನು ಲ್ಯಾಪ್‌ಟಾಪಿನ ನಂಬಿಕೆಯ ಪಟ್ಟಿಗೆ ಸೇರಿಸುವುದು.

ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ಒಂದು ನೀಲಿ ಪರದೆ ಬರುತ್ತದೆ. ಯಾವುದಾದರೂ ಕೀ ಒತ್ತು ಅನ್ನುತ್ತದೆ. ಹತ್ತರಿಂದ ಕೆಳಗೆ ಎಣಿಸುತ್ತದೆ. ಒತ್ತದಿದ್ದರೆ ಸುಮ್ನೆ ಮುಂದೆ ಹೋಗುತ್ತದೆ, ಕೇಳಿದ್ದನ್ನೂ ಮರೆತುಬಿಡುತ್ತದೆ. ನಾನು ಒಲೆಗೆ ಸೌದೆ ಹಾಕುತ್ತಿದ್ದದ್ದು ಆ ಹತ್ತು ಸೆಕೆಂಡಿನಲ್ಲೇ. ಮೋಕ್‌ಯುಟಿಲ್ ಕಮಾಂಡ್ ಬಳಸಿ ಮತ್ತೆ ಆ ಸಹಿಯ ಕೀಲಿ ಕೊಟ್ಟೆ, ರೀಸ್ಟಾರ್ಟ್ ಮಾಡಿ ಎದುರೇ ಕೂತೆ. ಪರದೆ ಬಂತು. ಕೀ ಒತ್ತಿದೆ. ನಾಲ್ಕು ಸಾಲಿನ ಪಟ್ಟಿ ಬಂತು. ಮೊದಲನೇ ಸಾಲು ಕಂಟಿನ್ಯೂ ಬೂಟ್. ಏನಾದರೂ ಎಡವಟ್ಟಾದರೆ ಅಂತ ಹೆದರಿ ಅದನ್ನೇ ಒತ್ತಿದೆ. ಮತ್ತೆ ಸೊನ್ನೆ. ಮೂರನೇ ಸಲ ಎರಡನೇ ಸಾಲು: ಎನ್‌ರೋಲ್ ಮೋಕ್, ಆಮೇಲೆ ಕಂಟಿನ್ಯೂ, ಯೆಸ್, ನಾನೇ ಕೊಟ್ಟ ಪಾಸ್‌ವರ್ಡ್, ರೀಬೂಟ್. ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ.

ಹದಿಮೂರನೇ ದಿನ ರಾತ್ರಿ ಎಂಟೂವರೆಗೆ ವೈಫೈ ಪಟ್ಟಿ ಬಂತು. ನಮ್ಮ ಮನೆಯದು ಒಂದೇ ಹೆಸರು, ಇಲ್ಲಿ ಬೇರೆ ಯಾರ ಮನೆಯ ಸಿಗ್ನಲ್ಲೂ ಮುಟ್ಟುವುದಿಲ್ಲವಲ್ಲ. ಆ ಒಂದು ಸಾಲು ನೋಡಿ ಹೆಂಡತಿಯನ್ನು ಕೂಗಿ ಕರೆದೆ. ಅವಳು ನೋಡಿ, "ಇದು ಮೊದಲೂ ಬರ್ತಿತ್ತಲ್ಲ" ಅಂದಳು.

ಎಲ್ಲ ಸೇರಿ ಖರ್ಚು ಸಾವಿರದ ಏಳುನೂರೈವತ್ತರ ಹತ್ತಿರ. ನಿಜವಾಗಿ ಬೇಕಾಗಿದ್ದದ್ದು ನೂರೈವತ್ತರ ಕೇಬಲ್ ಮಾತ್ರ.

ಎರಡು ವಾರ ಬಿಟ್ಟು ಮತ್ತೆ ಹೋಯಿತು, ಅದು ನನ್ನದೇ ಕಿತಾಪತಿ. ಅಪ್‌ಡೇಟ್ ಮ್ಯಾನೇಜರಿನಲ್ಲಿ ಹೊಸ ಸರಣಿಯ ಕರ್ನಲ್ ಕಂಡಿತು, ಆಸೆಗೆ ಬಿದ್ದು ಹಾಕಿದೆ. ಡ್ರೈವರ್ ಅದಕ್ಕೆ ಕಟ್ಟಿಕೊಳ್ಳಲಿಲ್ಲ. ಬೂಟ್ ಆಗುವಾಗ ಅಡ್ವಾನ್ಸ್ಡ್ ಆಪ್ಷನ್ಸಿಗೆ ಹೋಗಿ ಹಳೇ ಕರ್ನಲ್ ಆರಿಸಿದೆ, ನೆಟ್ ಬಂತು. ಈಗ ಹಳೇ 6.8 ಕರ್ನಲಿನಲ್ಲೇ ಇದ್ದೇನೆ. ಇನ್ನೊಂದು ವಿಷಯ, ಈ ಚಿಪ್ಪಿಗೆ 2.4 ಗಿಗಾಹರ್ಟ್ಸ್ ಮಾತ್ರ ಕಾಣುತ್ತದೆ. ರೂಟರಿನಲ್ಲಿ ಬರೀ 5 ಗಿಗಾಹರ್ಟ್ಸ್ ಬಿಟ್ಟು ಅದು ಕಾಣಲಿಲ್ಲ ಅಂತ ಡ್ರೈವರನ್ನು ಬೈಯಬೇಡಿ. ಆಗಾಗ ಕನೆಕ್ಷನ್ ತೂಕಡಿಸುತ್ತಿತ್ತು. ನೆಟ್‌ವರ್ಕ್ ಮ್ಯಾನೇಜರಿನ ವೈಫೈ ಪವರ್‌ಸೇವ್ ಫೈಲಿನಲ್ಲಿ 3 (ಆನ್) ಇದ್ದದ್ದನ್ನು 2 (ಆಫ್) ಮಾಡಿದೆ, ತೂಕಡಿಕೆಯೂ ನಿಂತಿತು.

ಸುದ್ದಿ ಹರಡಿದ ಮೇಲೆ ಓಎಸ್ ಹಾಕಿ ನೆಟ್ ಕಳೆದುಕೊಂಡವರೆಲ್ಲ ಬರತೊಡಗಿದರು. ಇಲ್ಲಿಯವರೆಗೆ ಎಂಟೋ ಒಂಬತ್ತೋ ಮಾಡಿದ್ದೇನೆ. ಎಲ್ಲವೂ ಡ್ರೈವರ್ ಸಮಸ್ಯೆಯಲ್ಲ. ಒಬ್ಬರು ವಿಂಡೋಸನ್ನೂ ಇಟ್ಟುಕೊಂಡಿದ್ದರು, ಅದರ ಫಾಸ್ಟ್ ಸ್ಟಾರ್ಟಪ್ (ವಿಂಡೋಸನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿಡುವುದು) ಆಫ್ ಮಾಡಿದ ಮೇಲೆ ಮಿಂಟಿನಲ್ಲಿ ವೈಫೈ ಎಚ್ಚರವಾಯಿತು. ಇನ್ನೊಬ್ಬರ ಹಳೇ ಡೆಸ್ಕ್‌ಟಾಪ್ ಮಜವಾಗಿತ್ತು. ಕೇಬಲ್ ಸರಿ, ನೆಟ್ ಇದೆಯಾ ಅಂತ ಪಿಂಗ್ ಹೊಡೆದರೆ ಉತ್ತರ ಬರುತ್ತದೆ, ಬ್ರೌಸರಿನಲ್ಲಿ ಒಂದು ಸೈಟೂ ತೆರೆಯುವುದಿಲ್ಲ. ಎಲ್ಲದಕ್ಕೂ ಕೆಂಪು ಎಚ್ಚರಿಕೆ. ಒಂದು ಗಂಟೆ ಡಿಎನ್‌ಎಸ್ (ಸೈಟಿನ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಕೆದಕಿದೆ. ಆಮೇಲೆ ಮೂಲೆಯಲ್ಲಿದ್ದ ಗಡಿಯಾರ ನೋಡಿದೆ: 2012ರ ಜನವರಿ 1. ಮದರ್‌ಬೋರ್ಡಿನ ಸೆಲ್ ಸತ್ತು ತಾರೀಕು ಹಿಂದೆ ಹೋಗಿದೆ. ಆ ತಾರೀಕಿಗೆ ಸೈಟುಗಳು ತಮ್ಮ ಗುರುತಿಗೆ ತೋರಿಸುವ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ! ಸಿಆರ್ 2032 ಸೆಲ್ಲು ಮೂವತ್ತೋ ನಲವತ್ತೋ ರೂಪಾಯಿ. ನೂರು ತಗೊಂಡೆ, ಒಂದು ಗಂಟೆ ಕೂತದ್ದಕ್ಕೆ.

ನೆಟ್ ಬಂದ ಮೇಲೆ ಎಲ್ಲರೂ ಕೇಳುವುದು ಕನ್ನಡ ಟೈಪಿಂಗ್. ನುಡಿ ಕೀಲಿಮಣೆ ರೂಢಿಯಿದ್ದವರಿಗೆ ಕೀಬೋರ್ಡ್ ಲೇಔಟಿನಲ್ಲಿ ಕಗಪ ಅಂತ ಇದೆ, ಅದನ್ನು ಸೇರಿಸಿದರೆ ಬೆರಳು ತಾನೇ ಓಡುತ್ತದೆ. ಹಳೇ ನುಡಿ ಫಾಂಟಿನ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವುದು ಬೇರೆಯದೇ ರಾಮಾಯಣ, ಇನ್ನೊಮ್ಮೆ ಬರೆಯುತ್ತೇನೆ.

ಈಗ ನನ್ನ ಹತ್ತಿರ ಒಂದು ಪೆನ್‌ಡ್ರೈವ್ ಇದೆ. ಟೆದರಿಂಗ್ ಕೂಡ ಸಿಗದ ಮನೆಗೆ ಅದನ್ನು ಒಯ್ದರೆ ಹತ್ತು ನಿಮಿಷದಲ್ಲಿ ವೈಫೈ. ಅದರಲ್ಲಿ ಯಾವ ಫೈಲು, ಯಾವ ಕ್ರಮದಲ್ಲಿ ಅಂತ ಕೇಳಬೇಡಿ. ಏಳನೇ ಫೈಲಿಗೆ ಕೈಮುಗಿದವನು ಅದನ್ನು ಕಟ್ಟಲು ಎಷ್ಟು ರಾತ್ರಿ ಕೂತಿದ್ದಾನೆ ಅಂತ ನನಗೇ ಗೊತ್ತು.

ಮೊನ್ನೆ ಗೊರಬಲಿನ ಮಾತಾಡಿದ ಪಕ್ಕದ ಮನೆಯವರೇ ತಮ್ಮ ಮಗನ ಲ್ಯಾಪ್‌ಟಾಪ್ ತಂದಿಟ್ಟು ಹೋಗಿದ್ದಾರೆ. ಅದರಲ್ಲೂ ಅದೇ ಚಿಪ್ಪು. ಐನೂರು ಹೇಳಿದ್ದೇನೆ. ಗುರುವಾರ ಸಂಜೆ ಬಂದು ನೀಲಿ ಪರದೆಯ ಎದುರು ಅವರೇ ಕೂರಬೇಕು ಅಂತಲೂ ಹೇಳಿದ್ದೇನೆ. ನನ್ನ ಒಲೆಗೆ ಸೌದೆ ಹಾಕುವ ಹೊತ್ತು ಅದು.