19 ತಿಂಗಳಿಂದ ಮಣ್ಣು ಬದಲಿಸದ ನನ್ನ ಕಪ್ಪೆ ಟ್ಯಾಂಕ್

ಕಳೆದ ಭಾನುವಾರಕ್ಕೆ 19 ತಿಂಗಳಾಯಿತು. ನನ್ನ ಕಪ್ಪೆ ಟ್ಯಾಂಕಿನ ಮಣ್ಣನ್ನು ಒಂದು ಸಲವೂ ಪೂರ್ತಿ ತೆಗೆದು ತೊಳೆದಿಲ್ಲ. ಕಪ್ಪೆ ಹಾಕಿದ್ದನ್ನು ಮಣ್ಣಿಗೆ ಬಿಟ್ಟ ಪುಟ್ಟ ಹುಳುಗಳೇ ತಿಂದು ಮುಗಿಸುತ್ತವೆ. ಮುಚ್ಚಳ ತೆಗೆದು ಮೂಗನ್ನೇ ಒಳಗಿಟ್ಟರೂ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಅಷ್ಟೇ. ನಾನು ಸಾಕಿರುವುದು ವೈಟ್ಸ್ ಟ್ರೀ ಫ್ರಾಗ್ ಅನ್ನುವ ದಪ್ಪ ಮರಗಪ್ಪೆ. ಅದಕ್ಕೆ ಇದು ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ನನ್ನ ಗೆಳೆಯನೊಬ್ಬನಂತೂ, "ಡಾರ್ಟ್ ಫ್ರಾಗ್ ಥರ ಪುಟ್ಟ ಕಪ್ಪೆಗಾದ್ರೆ ಸರಿ ಕಣೋ. ಇದು ಎಮ್ಮೆ ಥರ ಸಗಣಿ ಹಾಕುತ್ತೆ. ನಿನ್ನ ಹುಳು ಯಾವ ಮೂಲೆಗೆ ಸಾಲುತ್ತೆ? ಟಿಶ್ಯೂ ಪೇಪರ್ ಹಾಸಿ ಸುಮ್ನೆ ಇರು" ಅಂದಿದ್ದ.

ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ. ಪ್ರತಿ ಭಾನುವಾರ ಎರಡೂ ಕಪ್ಪೆಗಳನ್ನು ಡಬ್ಬಿಗೆ ಹಾಕಿ, ಟ್ಯಾಂಕ್ ಖಾಲಿ ಮಾಡಿ, ಗಾಜು ಉಜ್ಜಿ, ಎರಡು ಗಂಟೆ ಹೊಡೆತ. ತೊಳೆದ ಮೇಲೆ ಅವು ಎರಡು ದಿನ ಮುನಿಸಿಕೊಂಡಂತೆ ಮೂಲೆಯಲ್ಲಿ ಕೂರುತ್ತಿದ್ದವು, ಜಿರಳೆ ಮುಂದಿಟ್ಟರೂ ತಿನ್ನುತ್ತಿರಲಿಲ್ಲ. ಒಂದು ಸಲ ಗಾಜಿನ ಬಿಳಿ ಕಲೆ ಹೋಗಲಿಲ್ಲ ಅಂತ ಪಾತ್ರೆ ತೊಳೆಯುವ ಜೆಲ್ ಹಾಕಿದೆ. ನಾಲ್ಕು ನೀರಲ್ಲಿ ತೊಳೆದಿದ್ದೆ. ಆದರೂ ರಾತ್ರಿ ಹೊತ್ತಿಗೆ ಒಂದರ ಮೈಯೆಲ್ಲ ಲೋಳೆ. ಬರೀ ಶುದ್ಧ ನೀರಿನಲ್ಲಿ ಇಟ್ಟು ಉಳಿಸಿಕೊಂಡೆ.

ಆಮೇಲೆ ದಸರಾಕ್ಕೆ ಎಂಟು ದಿನ ಊರಿಗೆ ಹೋದೆ. ಪಕ್ಕದ ಮನೆ ಹುಡುಗ ದಿನಾ ಸ್ಪ್ರೇ ಮಾಡಿದ್ದ, ಆದರೆ ಬಟ್ಟಲಿನ ನೀರು ಬದಲಿಸಿರಲಿಲ್ಲ. ಅವನ ತಪ್ಪಲ್ಲ, ನಾನು ಹೇಳಿರಲಿಲ್ಲ. ವಾಪಸ್ ಬಂದು ನೋಡಿದರೆ ಒಂದು ಕಪ್ಪೆ ಆ ಹೊಲಸು ನೀರಿನಲ್ಲೇ ಕೂತಿದೆ, ಹಿಂಗಾಲು ಕೋಲಿನಂತೆ ಚಾಚಿಕೊಂಡಿವೆ, ಬೆರಳುಗಳು ಮಾತ್ರ ಅದುರುತ್ತಿವೆ. ಹೊಲಸಿನಿಂದ ನೀರಿಗೆ ಸೇರಿದ ಅಮೋನಿಯದ ವಿಷ. ಬೆಳಗಾಗುವುದರೊಳಗೆ ಹೋಯಿತು. ಏಳು ಸಾವಿರ ಚಿಲ್ಲರೆ ಕೊಟ್ಟು ತಂದಿದ್ದು. ವಾರಕ್ಕೊಮ್ಮೆ ತೊಳೆದಿದ್ದರಿಂದ ಏನೂ ಉಪಯೋಗ ಆಗಲಿಲ್ಲ. ಹೊಲಸನ್ನು ತಿನ್ನುವವರು ಒಳಗೇ ಇರಬೇಕು ಅಂತ ಅವತ್ತು ತೀರ್ಮಾನ ಮಾಡಿದೆ.

ಮೊದಲ ಪ್ರಯತ್ನ ಮಣ್ಣುಪಾಲು. ತಳಕ್ಕೆ ಜಲ್ಲಿ ಹಾಕಿದೆ, ಎತ್ತುವಾಗ ಭಾರಕ್ಕೆ ಗಾಜು ಬಿರುಕು ಬಿಟ್ಟಿತು. 2,200 ರೂಪಾಯಿ ಹೋಯಿತು. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಇಟ್ಟಿಗೆಯನ್ನು ಒಂದೇ ಸಲ ನೆನೆಸಿ ಹಾಕಿದ್ದೂ ತಪ್ಪೇ. ಅದರಲ್ಲಿ ಉಪ್ಪು ಎಷ್ಟಿರುತ್ತದೆ ಅಂದರೆ, ಕಪ್ಪೆ ಕೆಳಗೆ ಇಳಿಯಲೇ ಇಲ್ಲ, ಮೂರು ದಿನ ಗಾಜಿಗೆ ಅಂಟಿಕೊಂಡೇ ಇತ್ತು. ಈಗ ನಾಲ್ಕು ಸಲ ನೆನೆಸಿ ಹಿಂಡುತ್ತೇನೆ, ಕೊನೆಯ ನೀರಿಗೆ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡುತ್ತೇನೆ. ಎರಡನೇ ಪ್ರಯತ್ನದಲ್ಲಿ ನೀರು ಜಾಸ್ತಿ ಆಯಿತು. ಮೂರೇ ವಾರಕ್ಕೆ ಕೊಳೆತ ಮೊಟ್ಟೆ ವಾಸನೆ. ಅಮ್ಮ ಟ್ಯಾಂಕನ್ನು ಬಾಲ್ಕನಿಗೆ ಅಟ್ಟಿದರು.

ಅಷ್ಟರಲ್ಲಿ ಸತ್ತದ್ದರ ಜಾಗಕ್ಕೆ ಇನ್ನೊಂದು ಕಪ್ಪೆ ತಂದಿದ್ದೆ. ನಿಂತಿದ್ದು ಮೂರನೆಯ ಪ್ರಯತ್ನ. ತಳಕ್ಕೆ ನರ್ಸರಿಯ ಕ್ಲೇ ಬಾಲ್, ಅಂದರೆ ಸುಟ್ಟ ಮಣ್ಣಿನ ಹಗುರ ಗೋಲಿಗಳು, ಎರಡಿಂಚು. ಮೇಲೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ. ಅದರ ಮೇಲೆ ತೊಳೆದ ಕೋಕೋಪೀಟ್, ತೆಂಗಿನ ಸಿಪ್ಪೆ ಚೂರು, ಇಸ್ತ್ರಿ ಅಂಗಡಿಯ ಮರದ ಇದ್ದಿಲು ಪುಡಿ ಮಾಡಿದ್ದು, ಎಲ್ಲ ಸೇರಿ ಮೂರು ಮೂರೂವರೆ ಇಂಚು. ಎಲ್ಲಕ್ಕಿಂತ ಮೇಲೆ ಒಣಗಿದ ಬಾದಾಮಿ ಎಲೆ, ಇಪ್ಪತ್ತು ನಿಮಿಷ ಕುದಿಸಿದ್ದು. ಗಿಡ ಅಂದರೆ ಮನಿ ಪ್ಲಾಂಟ್ ಒಂದೇ. ಬೇರೆ ಯಾವುದೂ ಈ ದಡಿಯರ ತೂಕ ತಾಳುವುದಿಲ್ಲ, ಫರ್ನ್‌ಗೆ ಸುರಿದ 600 ರೂಪಾಯಿ ದಂಡ. ಒಂದು ಮೂಲೆಯಲ್ಲಿ ತಳದ ತನಕ ಪಿವಿಸಿ ಪೈಪ್ ತುಂಡು ನಿಲ್ಲಿಸಿದ್ದೇನೆ. ತಿಂಗಳಿಗೊಮ್ಮೆ ಅದರಲ್ಲಿ ಏರ್ ಟ್ಯೂಬ್ ಇಳಿಸಿ, 50 ಎಂಎಲ್ ಸಿರಿಂಜ್‌ನಲ್ಲಿ ತಳದ ನೀರು ಎಳೆದು ತೆಗೆಯುತ್ತೇನೆ. ಮೊದಮೊದಲು ಚಹಾ ಬಣ್ಣದ ನೀರು ಅರ್ಧ ಲೀಟರ್ ಬರುತ್ತಿತ್ತು. ಈಗ ಎರಡು ಸಿರಿಂಜ್ ತುಂಬಿದರೆ ಹೆಚ್ಚು.

ಆ ನೀರನ್ನು ಗಿಡಕ್ಕೆ ಸುರಿಯಬೇಡಿ. ಬಕೆಟ್ಟಿಗೆ ಬ್ಲೀಚ್ ಹಾಕಿ ಒಂದು ಗಂಟೆ ಬಿಟ್ಟು ಆಮೇಲೆ ಚೆಲ್ಲಿ. ಕಪ್ಪೆಗಳ ಚರ್ಮಕ್ಕೆ ರೋಗ ತರುವ, 1998ರಲ್ಲಿ ಗುರುತಿಸಿದ ಕೈಟ್ರಿಡ್ ಶಿಲೀಂಧ್ರ ಜಗತ್ತಿನ ಎಷ್ಟೋ ಕಪ್ಪೆ ಜಾತಿಗಳನ್ನು ಮುಗಿಸಿದೆ. ಆಸ್ಟ್ರೇಲಿಯ ಮೂಲದ ಕಪ್ಪೆ ಸಾಕಿಕೊಂಡು ಪಶ್ಚಿಮ ಘಟ್ಟದ ಕಪ್ಪೆಗೆ ರೋಗ ಹಂಚುವ ಕೆಲಸ ನಮಗೆ ಬೇಡ.

ಮುಖ್ಯ ವಿಷಯ ಹುಳುಗಳದ್ದು. ಕೊಳೆತದ್ದನ್ನು ತಿನ್ನುವ ಪುಟ್ಟ ಬಿಳಿ ಹುಳು, ಡ್ವಾರ್ಫ್ ವೈಟ್ ಐಸೋಪಾಡ್, ಇಪ್ಪತ್ತೈದಕ್ಕೆ 700 ಕೊಟ್ಟೆ. ಎಣಿಸಿದರೆ ಹದಿನೆಂಟೇ ಇದ್ದವು, ಅದರಲ್ಲೂ ನಾಲ್ಕು ಸತ್ತಿದ್ದವು. ಬೂಸ್ಟು ತಿನ್ನುವ, ಪುಟಿಯುವ ಇನ್ನೊಂದು ಪುಟ್ಟ ಹುಳು ಸ್ಪ್ರಿಂಗ್‌ಟೇಲನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ಒದ್ದೆ ಇದ್ದಿಲಿನ ಮೇಲೆ ನಾನೇ ಬೆಳೆಸಿದೆ, ವಾರಕ್ಕೆ ನಾಲ್ಕು ಕಾಳು ಅಕ್ಕಿ ಹಾಕಿದರೆ ಸಾಕು. ಅಕ್ಕಿಯ ಜೊತೆ ಇನ್ನೊಂದು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಇವತ್ತು ಹುಳು ಬಿಟ್ಟು ನಾಳೆ ಕಪ್ಪೆ ಬಿಟ್ಟರೆ ಟ್ಯಾಂಕ್ ನಿಲ್ಲುವುದಿಲ್ಲ. ನಾನು ಎಂಟು ವಾರ ಕಪ್ಪೆಗಳನ್ನು ಟಿಶ್ಯೂ ಡಬ್ಬಿಯಲ್ಲೇ ಇಟ್ಟು, ಅವು ಹಾಕಿದ್ದನ್ನು ಚಿಮಟದಲ್ಲಿ ಎತ್ತಿ ಟ್ಯಾಂಕಿನ ಮಣ್ಣಿಗೆ ಹಾಕುತ್ತಾ ಬಂದೆ. ಮೊದಲ ವಾರ ಬೂದಿ ಬಣ್ಣದ ಬೂಸ್ಟು ಎದ್ದಿತು. ಆರನೇ ವಾರ ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ಕಪ್ಪೆ ಹಾಕಿದ ಉಂಡೆಯ ಮೇಲೆ ಬಿಳಿ ಎಳ್ಳು ಚೆಲ್ಲಿದ ಹಾಗೆ ಹುಳು, ಊದಿದರೆ ಪುಟಪುಟ ಹಾರುತ್ತಿದ್ದವು. ಮೂರು ದಿನಕ್ಕೆ ಉಂಡೆಯೇ ಇರಲಿಲ್ಲ.

ಹಾಗಂತ ಎಲ್ಲಾ ಹುಳುವೇ ಮಾಡುತ್ತದೆ ಅಂತಲ್ಲ. ಗಾಜಿನ ಮೇಲೆ, ಎಲೆಯ ಮೇಲೆ ಬಿದ್ದದ್ದನ್ನು ನಾನೇ ತೆಗೆಯುತ್ತೇನೆ. ಬಟ್ಟಲು ದಿನಾ ಬಿಸಿನೀರಲ್ಲಿ ತೊಳೆಯಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಬೋರ್‌ವೆಲ್ ನೀರು ನಮ್ಮಲ್ಲಿ ಟಿಡಿಎಸ್ ಮೀಟರಿನಲ್ಲಿ 900ರ ಹತ್ತಿರ ತೋರಿಸುತ್ತದೆ, ಸ್ಪ್ರೇ ಮಾಡಿದರೆ ಗಾಜಿಗೆ ಸುಣ್ಣ ಬಳಿದಂತೆ. ಹಾಗಾಗಿ ಸ್ಪ್ರೇಗೆ ಆರ್‌ಓ ನೀರು. ಬಟ್ಟಲಿಗೆ ಮಾತ್ರ ಕಾವೇರಿ ನೀರು, ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು, ಆಂಟಿ ಕ್ಲೋರಿನ್ ಎರಡು ಹನಿ. "ನಮಗೆ ಬೋರ್ ನೀರು, ನಿನ್ನ ಕಪ್ಪೆಗೆ ಕಾವೇರಿನಾ? ಮಳೆ ಬರದಿದ್ದಾಗ ಇವಕ್ಕೇ ಮದುವೆ ಮಾಡಿಬಿಡೋಣ ಬಿಡು" ಅಂತಾರೆ ಅಮ್ಮ. ಎರಡೂ ಗಂಡು ಅಂತ ಅವರಿಗೆ ಹೇಳಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಸಾಕು, ಎರಡೂ ಪೈಪೋಟಿಗೆ ಬಿದ್ದು ಕೂಗುತ್ತವೆ. ಗಾಜಿನ ಕಲೆಗೆ ಹಳೆ ಎಟಿಎಂ ಕಾರ್ಡ್, ಒದ್ದೆ ಬಟ್ಟೆ. ಹಟಮಾರಿ ಕಲೆಯಾದರೆ ಕಪ್ಪೆ ಹೊರಗೆ ತೆಗೆದು ವಿನೆಗರ್, ಆಮೇಲೆ ಸರಿಯಾಗಿ ಒರೆಸುತ್ತೇನೆ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಬಾದಾಮಿ ಎಲೆ ಮುಗಿದಿತ್ತು, ನಮ್ಮ ರಸ್ತೆ ತುಂಬ ಹೊಂಗೆ ಎಲೆ ಬಿದ್ದಿತ್ತು, ಪುಕ್ಕಟೆ. ಅರ್ಧ ಟ್ಯಾಂಕಿಗೆ ಹಾಕಿದೆ. ಹದಿನೈದು ದಿನಕ್ಕೆ ಹುಳುಗಳೆಲ್ಲ ಇನ್ನರ್ಧಕ್ಕೆ ಗುಳೆ ಹೋಗಿದ್ದವು. ಹೊಂಗೆ ಹಿಂಡಿಯನ್ನು ಹೊಲಕ್ಕೆ ಹಾಕುವುದು ಹುಳು ಓಡಿಸುವುದಕ್ಕೂ ಹೌದು ಅಂತ ಯೋಚಿಸಬೇಕಿತ್ತು. ಹಲಸಿನ ಎಲೆ ಪರವಾಗಿಲ್ಲ, ನಿಧಾನವಾಗಿ ಕೊಳೆಯುತ್ತದೆ. ಬೇವು ಪ್ರಯತ್ನಿಸುವ ಧೈರ್ಯ ಮಾಡಿಲ್ಲ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಒಡೆದ ಗಾಜು ಬಿಟ್ಟು ಐದೂವರೆ ಸಾವಿರ ಆಗಿರಬಹುದು. ಮೊದಲು ಟಿಶ್ಯೂ, ಕೋಕೋಪೀಟ್ ಅಂತ ತಿಂಗಳಿಗೆ ನಾನೂರು ಐನೂರು ಹೋಗುತ್ತಿತ್ತು, ಈಗ ಐವತ್ತೂ ಇಲ್ಲ.

ಎಮ್ಮೆ ಸಗಣಿ ಅಂದಿದ್ದನಲ್ಲ, ಆ ಗೆಳೆಯ ಹೋದ ತಿಂಗಳು ಮನೆಗೆ ಬಂದಿದ್ದ. ಟ್ಯಾಂಕಿನ ಮುಂದೆ ಕೂತು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಹೊರಡುವಾಗ, "ಒಂದು ಡಬ್ಬಿ ಮಣ್ಣು ಕೊಡೋ, ಹುಳು ಸಮೇತ" ಅಂದ. ಅಮ್ಮನ ಉಪ್ಪಿನಕಾಯಿ ಡಬ್ಬಿಯಲ್ಲಿ ತುಂಬಿ ಕೊಟ್ಟೆ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.