ಇಂಗ್ಲಿಷ್ ಗೊಂದಲಕ್ಕೆ ಕನ್ನಡದ ಮದ್ದು

'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.' ಕೆಲಸದ ಸಂದರ್ಶನಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಇಲ್ಲಿನ ತಪ್ಪು ಹುಟ್ಟಿದ್ದು ಕನ್ನಡದಲ್ಲಿ. ನಾವು '2019ರಿಂದ' ಅನ್ನುತ್ತೇವೆ, 'ಎರಡು ವರ್ಷದಿಂದ' ಅಂತಲೂ ಅನ್ನುತ್ತೇವೆ. ಎರಡಕ್ಕೂ ಅದೇ 'ಇಂದ'. ಇಂಗ್ಲಿಷಿನಲ್ಲಿ ಶುರುವಾದ ಸಮಯಕ್ಕೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಜತೆಗೆ ನಮ್ಮ 'ಮಾಡುತ್ತಿದ್ದೇನೆ'ಗೆ ಇಲ್ಲಿ 'ಹ್ಯಾವ್ ಬೀನ್ ವರ್ಕಿಂಗ್' ಬೇಕು. ಆದ್ದರಿಂದ ಉದ್ದನೆಯ ಪಟ್ಟಿ ಬಾಯಿಪಾಠ ಮಾಡುವ ಮೊದಲು, ಗೊಂದಲದ ಜೋಡಿಯನ್ನು ಕನ್ನಡದಲ್ಲಿ ಹೇಳಿ ನೋಡಿ.

ಹೆಜ್ಜೆ 1: ಕನ್ನಡದಲ್ಲೇ ವ್ಯತ್ಯಾಸ ಇದೆಯಾ?

ಎಷ್ಟೋ ಸಲ ಇರುತ್ತದೆ. 'ಸೋಮವಾರದೊಳಗೆ' ಅಂದರೆ 'ಬೈ', 'ಸೋಮವಾರದವರೆಗೆ' ಅಂದರೆ 'ಟಿಲ್'. 'ಐ ವಿಲ್ ಸೆಂಡ್ ಇಟ್ ಟಿಲ್ ಮಂಡೇ' ಅಂದರೆ ಸೋಮವಾರದವರೆಗೂ ಕಳಿಸುತ್ತಲೇ ಇರುತ್ತೇನೆ ಅಂದ ಹಾಗಾಗುತ್ತದೆ!

'ಏರಿಸು', 'ಮಲಗಿಸು' ಪದಗಳ ಕೊನೆಯಲ್ಲಿ ಬರುವ ನಮ್ಮ 'ಇಸು' ಇನ್ನೂ ಜಾಸ್ತಿ ಉಪಕಾರಿ. ಬೆಲೆ ತಾನಾಗಿ ಏರಿದರೆ 'ರೈಝ್', ಯಾರಾದರೂ ಏರಿಸಿದರೆ 'ರೇಝ್'. ನೀವೇ ನೆನಪಿಟ್ಟುಕೊಂಡರೆ 'ರಿಮೆಂಬರ್', ಇನ್ನೊಬ್ಬರಿಗೆ ನೆನಪಿಸಿದರೆ 'ರಿಮೈಂಡ್'. ಮಲಗುವುದು 'ಲೈ', ಮಗುವನ್ನು ಮಲಗಿಸುವುದು 'ಲೇ'. ಈ ಕೊನೆಯದರಲ್ಲಿ ಒಂದು ಕುತ್ತಿದೆ. 'ಲೈ' ಪದದ ಭೂತಕಾಲವೂ 'ಲೇ'. ಇಂಗ್ಲಿಷ್ ಮನೆಮಾತಿನವರೇ ಇಲ್ಲಿ ಎಡವುತ್ತಾರೆ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 2: 'ನನಗೆ'ಯೋ 'ನಾನು'ವೋ?

'ಕೇಳು' ಅನ್ನುವ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ 'ಆಸ್ಕ್', 'ಹಿಯರ್', 'ಲಿಸನ್' ಎಂಬ ಮೂರು ಪದಗಳಿವೆ. 'ಆಸ್ಕ್' ಬಿಡಿ, ಅದು ಪ್ರಶ್ನೆ. ಉಳಿದೆರಡಕ್ಕೆ ಹೀಗೆ ಮಾಡಿ. 'ನನಗೆ ಕೇಳಿಸಿತು' ಅನ್ನಬಹುದಾದರೆ 'ಹಿಯರ್'. 'ನಾನು ಗಮನವಿಟ್ಟು ಕೇಳಿದೆ' ಅನ್ನಬೇಕಾದರೆ 'ಲಿಸನ್', ಏನನ್ನು ಕೇಳಿದಿರಿ ಅಂತ ಹೇಳುವಾಗ ಅದರ ನಂತರ 'ಟು' ಬರಬೇಕು. ಕಣ್ಣಿನ ವಿಷಯದಲ್ಲೂ ಇದೇ ಲೆಕ್ಕ ಬಹುಮಟ್ಟಿಗೆ ನಡೆಯುತ್ತದೆ. ನನಗೆ ಕಾಣಿಸಿದ್ದು 'ಸೀ', ನಾನು ತಿರುಗಿ ನೋಡಿದ್ದು 'ಲುಕ್'.

ಸಾಲ ತಗೊಳ್ಳುವುದು 'ಬಾರೋ', ಕೊಡುವುದು 'ಲೆಂಡ್'. ಇದಕ್ಕೆ ಜಾಸ್ತಿ ವಿವರಣೆ ಬೇಡ.

ಹೆಜ್ಜೆ 3: ಕಾಗುಣಿತದ ಜೋಡಿಗಳಿಗೆ ಬೇರೆ ದಾರಿ

ಇಲ್ಲಿ ಕನ್ನಡ ಕೈಕೊಡುತ್ತದೆ, ಸಣ್ಣ ಗುರುತು ಇಟ್ಟುಕೊಳ್ಳುವುದೇ ದಾರಿ. 'ಸಡಿಲ' ಎಂಬರ್ಥದ 'ಲೂಸ್' ಪದಕ್ಕೆ ಎರಡು 'ಓ', ಸಡಿಲ ಅಂಗಿಯಲ್ಲಿ ಜಾಗ ಜಾಸ್ತಿ ಅಲ್ವಾ? ಕಳೆದುಕೊಳ್ಳುವ 'ಲೂಝ್'ಗೆ ಒಂದೇ. ಇನ್ನೊಂದು ಕಳೆದುಹೋಗಿದೆ ಅಂದುಕೊಳ್ಳಿ. 'ಸಲಹೆ' ಎಂಬ ನಾಮಪದ 'ಅಡ್ವೈಸ್'ಗೆ 'ಸಿ', ಸಲಹೆ ಕೊಡುವ ಕ್ರಿಯಾಪದ 'ಅಡ್ವೈಝ್'ಗೆ 'ಎಸ್'. ನಾವು ಬಳಸುವ ಬ್ರಿಟಿಷ್ ಕಾಗುಣಿತದಲ್ಲಿ 'ಪ್ರಾಕ್ಟೀಸ್', 'ಲೈಸೆನ್ಸ್' ಕೂಡ ಹೀಗೆಯೇ. ಅಂದ ಹಾಗೆ, 'ಅಡ್ವೈಸಸ್' ಅಂತ ಬಹುವಚನ ಮಾಡಬೇಡಿ. ಸಲಹೆ ಹತ್ತಿದ್ದರೂ ಅದು 'ಅಡ್ವೈಸ್' ಮಾತ್ರ.

ಹೆಜ್ಜೆ 4: ನುಡಿಗಟ್ಟನ್ನು ಬಿಡಿಸಬೇಡಿ

ನುಡಿಗಟ್ಟನ್ನು ಪದ ಪದವಾಗಿ ಬಿಡಿಸಿದರೆ ಕೈಗೆ ಏನೂ ಸಿಗುವುದಿಲ್ಲ. ನಮ್ಮದೇ ಮಾತಿನ ಪಕ್ಕದಲ್ಲಿಟ್ಟು ಕಲಿಯಿರಿ. 'ಪೀಸ್ ಆಫ್ ಕೇಕ್' ಅಂದರೆ ನೀರು ಕುಡಿದಷ್ಟು ಸುಲಭ. 'ಅಂಡರ್ ದ ವೆದರ್' ಅಂದರೆ ಸುಮ್ನೆ ಮೈ ಹುಷಾರಿಲ್ಲ ಅಂತ, ಮಳೆ ಬಿಸಿಲಿನ ಮಾತಲ್ಲ.

ನಮ್ಮಲ್ಲಿ ಮಾತ್ರ ಓಡುವ ಇಂಗ್ಲಿಷನ್ನೂ ಗುರುತಿಸಿಕೊಳ್ಳಿ. ನಿಗದಿಯಾದ ಸಮಯಕ್ಕಿಂತ ಮುಂಚೆಯೇ ಇಟ್ಟುಕೊಳ್ಳುವುದು ಅನ್ನಲು ನಾವು ಬಳಸುವ 'ಪ್ರಿಪೋನ್' ಪದವನ್ನು ಆಕ್ಸ್‌ಫರ್ಡ್ ನಿಘಂಟು ಭಾರತೀಯ ಬಳಕೆ ಅಂತ ಸೇರಿಸಿಕೊಂಡಿದೆ, ಅದಕ್ಕೆ ನಾಚಿಕೊಳ್ಳಬೇಕಿಲ್ಲ. 'ಪಾಸ್ ಔಟ್' ಬಗ್ಗೆ ಮಾತ್ರ ಎಚ್ಚರ. ಕಾಲೇಜು ಮುಗಿಸಿದೆ ಅನ್ನಲು ಹೊರಟರೆ, ಹೊರದೇಶದವರಿಗೆ ನೀವು ಕಾಲೇಜಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಹಾಗೆ ಕೇಳಿಸಬಹುದು. 'ಗ್ರಾಜುಯೇಟೆಡ್' ಅಂದರೆ ಸಾಕು.

ಇಂಗ್ಲಿಷ್ ಮನೆಮಾತಿನವರ ನಡುವೆಯೂ ಜಗಳ ಇಲ್ಲದಿಲ್ಲ. ಮೀಟಿಂಗಿನಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಅಂದರೆ ಬ್ರಿಟಿಷರಿಗೆ ಚರ್ಚೆಗೆ ತರೋಣ ಅಂತ, ಅಮೆರಿಕದವರಿಗೆ ಸದ್ಯಕ್ಕೆ ಬದಿಗಿಡೋಣ ಅಂತ. ಇಬ್ಬರೂ ಇರುವ ಕಾಲ್‌ನಲ್ಲಿ ಈ ಪದ ಬಂದರೆ, ಚರ್ಚೆ ಈಗಲೋ ಆಮೇಲೋ ಅಂತ ನೇರವಾಗಿ ಕೇಳಿಬಿಡಿ.